‘ಸರ್ವರ್ ಚಾಲೂ ಇದೆ’ ಎಂಬ ಉತ್ತರ ಸಾಲದು

ಇಂದಿನ ವ್ಯಾಪಾರ ಸಂಸ್ಥೆಗಳ ಲೆಕ್ಕಪತ್ರಗಳು ಬಹುಪಾಲು ಮಾಲೀಕರ ಕಣ್ಣಿಗೆ ಕಾಣದ ಸ್ಥಳದಲ್ಲಿರುತ್ತವೆ. ಮುಖ್ಯ ಕಚೇರಿ ಪೇಟೆಯಲ್ಲಿ, ಗೋದಾಮು ಊರ ಹೊರಗೆ, ಶಾಖೆ ಪಕ್ಕದ ಜಿಲ್ಲೆಯಲ್ಲಿ, ಲೆಕ್ಕದ ತಂತ್ರಾಂಶವಿರುವ ಸರ್ವರ್ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ಯಾವುದೋ ದತ್ತಾಂಶ ಕೇಂದ್ರದಲ್ಲಿ. ಹಿಂದೆ ಗುಮಾಸ್ತರು ಬಂದಿದ್ದಾರೆಯೇ, ಖಾತೆ ಪುಸ್ತಕ ಮೇಜಿನ ಮೇಲಿದೆಯೇ ಎಂಬುದನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ನೋಡಬಹುದಾಗಿತ್ತು. ಈಗ ಆ ಕೆಲಸಕ್ಕೆ ದೂರದ ಯಂತ್ರವನ್ನು ನಂಬಬೇಕಾಗಿದೆ. ನಂಬಿಕೆ ತಪ್ಪಲ್ಲ, ಪರಿಶೀಲನೆಯಿಲ್ಲದ ನಂಬಿಕೆಯ ಬಗ್ಗೆ ಲೆಕ್ಕಪರಿಶೋಧಕನಾದವನಿಗೆ ಸಂಶಯ ಬರುವುದು ಸಹಜ.

ಸಂಸ್ಥೆಗಳಿಗೆ ಪರಿಶೋಧನೆಗೆಂದು ಹೋದಾಗ ನಾನು ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: ನಿಮ್ಮ ದೂರದ ಸರ್ವರ್‌ನಲ್ಲಿ ಏನೇನು ಸೇವೆಗಳು ನಡೆಯಬೇಕು, ಅವು ನಡೆಯುತ್ತಿವೆ ಎಂಬುದು ನಿಮಗೆ ಹೇಗೆ ತಿಳಿಯುತ್ತದೆ? ಬಹುತೇಕ ಎಲ್ಲೆಡೆಯೂ ಬರುವ ಉತ್ತರ ಒಂದೇ. ‘ಸರ್ವರ್ ಚಾಲೂ ಇದೆ ಸಾರ್, ನಿರ್ವಹಣೆಯವರು ದಿನಾ ನೋಡುತ್ತಾರೆ.’ ಅವರು ನೋಡುವುದು ಏನನ್ನು ಎಂದು ಮುಂದೆ ಕೇಳಿದರೆ, ಪಿಂಗ್ ಮಾಡುತ್ತಾರೆ, ಉತ್ತರ ಬರುತ್ತದೆ ಎನ್ನುತ್ತಾರೆ.

ಪಿಂಗ್ ಎಂಬ ಪುಟ್ಟ ಸಾಧನವನ್ನು 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿ ಮೈಕ್ ಮ್ಯೂಸ್ ಎಂಬವರು ಬರೆದರು. ಜಲಾಂತರ್ಗಾಮಿ ನೌಕೆಗಳ ಸೋನಾರ್ ಹೊರಡಿಸುವ ಶಬ್ದದ ಹೆಸರೇ ಅದಕ್ಕೂ ಬಂತು. ಒಂದು ಸಂದೇಶ ಕಳುಹಿಸಿ, ಅದರ ಪ್ರತಿಧ್ವನಿ ಬಂದರೆ ಅತ್ತ ಯಂತ್ರವೊಂದು ಇದೆಯೆಂದು ತಿಳಿಯುವುದಷ್ಟೇ ಅದರ ಕೆಲಸ. ಜಾಲದ ದೋಷವನ್ನು ಹುಡುಕಲು ಇಂದಿಗೂ ಅದಕ್ಕಿಂತ ಸರಳ ಸಾಧನವಿಲ್ಲ. ಆದರೆ ಆ ಪ್ರತಿಧ್ವನಿಯನ್ನು ಕೊಡುವುದು ಯಂತ್ರದ ಕಾರ್ಯಾಚರಣ ವ್ಯವಸ್ಥೆ. ಅದರ ಮೇಲೆ ನಡೆಯುವ ಲೆಕ್ಕದ ತಂತ್ರಾಂಶವಲ್ಲ, ದತ್ತಾಂಶ ಸಂಗ್ರಹವಲ್ಲ, ಬ್ಯಾಕಪ್ ಅಲ್ಲ. ಇವೆಲ್ಲವೂ ನಿಂತುಹೋಗಿದ್ದರೂ ಪಿಂಗ್ ಉತ್ತರಿಸುತ್ತಲೇ ಇರುತ್ತದೆ. ಅಂಗಡಿಯ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಒಳಗೆ ವ್ಯಾಪಾರ ನಡೆದಿದೆ ಎನ್ನಲಾದೀತೇ? ಇದರ ವಿರುದ್ಧವೂ ನಿಜ. ಫೈರ್‌ವಾಲ್‌ನಲ್ಲಿ ಪಿಂಗ್ ಸಂದೇಶವನ್ನು ತಡೆದಿದ್ದರೆ ಸೇವೆಗಳೆಲ್ಲ ಸುಸೂತ್ರವಾಗಿ ನಡೆಯುತ್ತಿದ್ದರೂ ಉತ್ತರ ಬಾರದು. ಹೀಗೆ ಎರಡೂ ಕಡೆ ತಪ್ಪಬಹುದಾದ ಒಂದು ಪರೀಕ್ಷೆಯ ಮೇಲೆ ನಮ್ಮ ವಾರ್ಷಿಕ ನಿರ್ವಹಣಾ ಒಪ್ಪಂದಗಳು ನಿಂತಿವೆ.

ಎರಡನೆಯ ಹಂತದ ಪರೀಕ್ಷೆ ಪೋರ್ಟ್‌ನದು. ಪ್ರತಿಯೊಂದು ಸೇವೆಯೂ ಯಂತ್ರದ ಒಂದು ನಿರ್ದಿಷ್ಟ ಸಂಖ್ಯೆಯ ಬಾಗಿಲಲ್ಲಿ ಕುಳಿತಿರುತ್ತದೆ. ಸುರಕ್ಷಿತ ಜಾಲತಾಣಕ್ಕೆ 443, ಅಂಚೆಗೆ 25, ಮೈಕ್ರೋಸಾಫ್ಟ್‌ನ ದತ್ತಾಂಶ ಸರ್ವರ್‌ಗೆ ಸಾಮಾನ್ಯವಾಗಿ 1433, ದೂರದಿಂದ ಪರದೆ ತೆರೆಯುವ ರಿಮೋಟ್ ಡೆಸ್ಕ್‌ಟಾಪ್‌ಗೆ 3389. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಎಂಬ ಆದೇಶಕ್ಕೆ ಯಂತ್ರದ ಹೆಸರನ್ನೂ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ ಆ ಬಾಗಿಲು ತೆರೆದಿದೆಯೇ ಎಂಬುದು ಕೆಲವೇ ಕ್ಷಣಗಳಲ್ಲಿ ತಿಳಿಯುತ್ತದೆ. ಹಳೆಯ ಟೆಲ್‌ನೆಟ್ ಕೂಡ ಇದೇ ಕೆಲಸವನ್ನು ಮಾಡುತ್ತದೆ. ಲಿನಕ್ಸ್ ಯಂತ್ರವಾದರೆ ಒಳಹೊಕ್ಕು ‘ಸಿಸ್ಟಮ್‌ಸಿಟಿಎಲ್’ ಆದೇಶದಿಂದ ಸೇವೆಯ ಸ್ಥಿತಿಯನ್ನು ಕೇಳಬಹುದು. ನಮ್ಮವರಲ್ಲಿ ಬಹಳ ಮಂದಿ ಬಳಸುವ ಟ್ಯಾಲಿಯಲ್ಲಿ ಈ ಸೌಲಭ್ಯವನ್ನು ಚಾಲೂ ಮಾಡಿದ್ದರೆ 9000ದ ಪೋರ್ಟ್ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದಾಗ ಸರ್ವರ್ ನಡೆಯುತ್ತಿದೆ ಎಂಬ ಒಂದು ಸಾಲು ಕಾಣಿಸುತ್ತದೆ. ಇಷ್ಟನ್ನು ಕಲಿಯಲು ಕಚೇರಿಯ ಯಾವುದೇ ಲೆಕ್ಕ ಸಹಾಯಕನಿಗೆ ಅರ್ಧ ಗಂಟೆ ಸಾಕು.

ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಗಿರುವವನು ಕೆಲಸ ಮಾಡುತ್ತಿರುವುದು ಬೇರೆ. ದತ್ತಾಂಶದ ಡಿಸ್ಕ್ ತುಂಬಿ ಹೊಸ ಓಚರ್ ಬರೆಯಲಾಗದ ಸ್ಥಿತಿಯಲ್ಲೂ ಪೋರ್ಟ್ ‘ಬನ್ನಿ’ ಎನ್ನುತ್ತದೆ. ಮೇಲೆ ಹೇಳಿದ ಆ ಒಂದು ಸಾಲು ನಿಮ್ಮ ಕಂಪನಿಯ ಕಡತ ತೆರೆದಿದೆ ಎಂದಾಗಲಿ, ನಿನ್ನೆಯ ಶಿಲ್ಕು ಸರಿಯಾಗಿ ಮುಂದೆ ಬಂದಿದೆ ಎಂದಾಗಲಿ ಹೇಳುವುದಿಲ್ಲ. ಆದ್ದರಿಂದ ಮೂರನೆಯ ಹಂತವೇ ನಿಜವಾದ ಪರೀಕ್ಷೆ: ಆ ಸೇವೆಯಿಂದ ಒಂದು ಸಣ್ಣ ಕೆಲಸವನ್ನು ಮಾಡಿಸಿ ನೋಡುವುದು. ನಿನ್ನೆಯ ನಗದು ಶಿಲ್ಕನ್ನು ಕೇಳಿ, ಬಂದ ಮೊತ್ತವನ್ನು ಶಾಖೆಯ ನಗದು ಪುಸ್ತಕದೊಂದಿಗೆ ಹೋಲಿಸಿದರೆ ಯಂತ್ರ, ಜಾಲ, ತಂತ್ರಾಂಶ, ದತ್ತಾಂಶ ನಾಲ್ಕೂ ಒಮ್ಮೆಗೇ ಪರೀಕ್ಷೆಗೆ ಒಳಗಾಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ನಿರ್ವಹಣೆಯವರು ಸೇವೆ ನಡೆಯುತ್ತಿದೆಯೇ ಎಂದು ನೋಡಲು ಲೆಕ್ಕದಲ್ಲಿ ಒಂದು ರೂಪಾಯಿಯ ನಕಲಿ ಓಚರ್ ಹಾಕಿ ಅಳಿಸುತ್ತಾರೆ. ತಂತ್ರಜ್ಞರ ದೃಷ್ಟಿಯಲ್ಲಿ ಅದು ಉತ್ತಮ ಪರೀಕ್ಷೆಯೇ ಇರಬಹುದು. ಆದರೆ ತಿದ್ದುಪಡಿ ದಾಖಲೆ ಕಡ್ಡಾಯವಾಗಿರುವ ಕಂಪನಿಯ ಪುಸ್ತಕದಲ್ಲಿ ಆ ಒಂದು ರೂಪಾಯಿಯೂ ಅದರ ಅಳಿಸುವಿಕೆಯೂ ದಿನಾಂಕ ಸಮೇತ ಉಳಿದುಕೊಳ್ಳುತ್ತವೆ, ಪ್ರತಿಯೊಂದಕ್ಕೂ ವಿವರಣೆ ಕೊಡಬೇಕಾಗುತ್ತದೆ. ಓದುವ ಕೋರಿಕೆಯಿಂದ ಪರೀಕ್ಷಿಸಲಿ, ಇಲ್ಲವೇ ಪರೀಕ್ಷೆಗೆಂದೇ ಪ್ರತ್ಯೇಕ ಕಂಪನಿಯ ಕಡತವನ್ನು ಇಟ್ಟುಕೊಳ್ಳಲಿ.

ದೂರು ಹೇಳುವವರಿಲ್ಲದ ಸೇವೆಗಳು

ಈ ಮಾತನ್ನು ಸಣ್ಣ ವ್ಯಾಪಾರಿಗಳ ಮುಂದೆ ಇಟ್ಟಾಗ ಅವರು ಎತ್ತುವ ಆಕ್ಷೇಪ ಸಮಂಜಸವಾದದ್ದೇ. ‘ಬಿಲ್ ಆಗದಿದ್ದರೆ ಹುಡುಗರು ಎರಡೇ ನಿಮಿಷದಲ್ಲಿ ನನಗೆ ಫೋನ್ ಮಾಡುತ್ತಾರೆ. ಅದಕ್ಕೆ ಬೇರೆ ತಂತ್ರಾಂಶ ಯಾಕೆ?’ ನಿಜ. ಬಿಲ್ಲಿಂಗ್ ನಿಂತರೆ ಗಿರಾಕಿಯೇ ಗಂಟೆ ಬಾರಿಸುತ್ತಾನೆ. ಇ-ವೇ ಬಿಲ್ ತಯಾರಾಗದಿದ್ದರೆ ಲಾರಿಯವನು ಗೋದಾಮಿನ ಬಾಗಿಲಲ್ಲೇ ನಿಂತು ಕೂಗುತ್ತಾನೆ, ಏಕೆಂದರೆ 50,000 ರೂಪಾಯಿ ಮೀರಿದ ಸರಕನ್ನು ಅದಿಲ್ಲದೆ ಸಾಗಿಸಿ ಸಿಕ್ಕಿಬಿದ್ದರೆ ಆಗುವ ದಂಡ ತೆರಿಗೆಯ ಎರಡರಷ್ಟು. ಇಂತಹ ಸೇವೆಗಳಿಗೆ ಮನುಷ್ಯರೇ ಕಾವಲುಗಾರರು. ಅವುಗಳಿಗೆ ಹಣ ಸುರಿಯಬೇಕೆಂದು ನಾನು ಹೇಳುವುದಿಲ್ಲ.

ನನ್ನ ಚಿಂತೆ ಇರುವುದು ನಿಂತರೂ ಯಾರೂ ದೂರು ಹೇಳದ ಸೇವೆಗಳ ಬಗ್ಗೆ. ರಾತ್ರಿ ಹನ್ನೆರಡಕ್ಕೆ ನಡೆಯುವ ಬ್ಯಾಕಪ್, ತಿದ್ದುಪಡಿ ದಾಖಲೆ, ಯಂತ್ರದ ಗಡಿಯಾರವನ್ನು ಸರಿಪಡಿಸುವ ಸೇವೆ, ವೈರಸ್ ನಿರೋಧಕದ ನವೀಕರಣ, ಶಾಖೆಗಳ ಲೆಕ್ಕವನ್ನು ಮುಖ್ಯ ಕಚೇರಿಗೆ ಸೇರಿಸುವ ಹೊಂದಾಣಿಕೆ. ಇವು ನಿಂತ ದಿನ ವ್ಯಾಪಾರಕ್ಕೆ ಏನೂ ಆಗುವುದಿಲ್ಲ. ಮರುದಿನವೂ ಆಗುವುದಿಲ್ಲ. ಆಗುವುದು ಅವು ಬೇಕಾದ ದಿನ.

ನಾನು ಪರಿಶೋಧಿಸಿದ ಖಾಸಗಿ ನಿಯಮಿತ ಕಂಪನಿಯೊಂದರಲ್ಲಿ ಫೆಬ್ರವರಿ ತಿಂಗಳಲ್ಲಿ ಬ್ಯಾಕಪ್ ಕಡತಗಳ ಪಟ್ಟಿಯನ್ನು ತರಿಸಿ ನೋಡಿದಾಗ ಕೊನೆಯ ಕಡತದ ದಿನಾಂಕ ಹಿಂದಿನ ಅಕ್ಟೋಬರ್‌ನದಾಗಿತ್ತು. ಹಬ್ಬದ ಮುನ್ನ ಯಾರೋ ಸರ್ವರ್‌ನ ಪಾಸ್‌ವರ್ಡ್ ಬದಲಿಸಿದ್ದರು. ಬ್ಯಾಕಪ್ ಸೇವೆ ಮಾತ್ರ ಹಳೆಯ ಪಾಸ್‌ವರ್ಡ್‌ನಿಂದಲೇ ಪ್ರತಿ ರಾತ್ರಿ ಬಾಗಿಲು ತಟ್ಟಿ ವಾಪಸಾಗುತ್ತಿತ್ತು. ಆ ನಾಲ್ಕು ತಿಂಗಳೂ ನಿರ್ವಹಣೆಯವರ ಮಾಸಿಕ ವರದಿಯಲ್ಲಿ ‘ಸರ್ವರ್: ಸರಿಯಿದೆ’ ಎಂದೇ ಮುದ್ರಿತವಾಗಿತ್ತು. ಅವರು ಸುಳ್ಳು ಬರೆದಿರಲಿಲ್ಲ. ಸರ್ವರ್ ಸರಿಯಾಗಿಯೇ ಇತ್ತು.

ಇದು ಸಣ್ಣವರಿಗೆ ಮಾತ್ರ ಆಗುವ ಅವಘಡವಲ್ಲ. ಜಗತ್ತಿನಾದ್ಯಂತ ತಂತ್ರಾಂಶ ತಯಾರಕರೇ ಬಳಸುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಮುಖ್ಯ ದತ್ತಾಂಶ ಅಳಿಸಿಹೋಯಿತು. ಬ್ಯಾಕಪ್ ತೆರೆದು ನೋಡಿದರೆ ಅದು ಖಾಲಿ. ತಂತ್ರಾಂಶದ ಆವೃತ್ತಿ ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು; ವಿಫಲವಾಗಿದೆ ಎಂದು ತಿಳಿಸುವ ಇ-ಅಂಚೆಗಳೂ ಸಹಿ ಪರಿಶೀಲನೆಯಲ್ಲಿ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಆಕಸ್ಮಿಕವಾಗಿ ಉಳಿದಿದ್ದ ಆರು ಗಂಟೆ ಹಳೆಯ ಪ್ರತಿಯೊಂದರಿಂದ ಅವರು ಚೇತರಿಸಿಕೊಂಡರು. ಆ ಸಂಸ್ಥೆ ಇದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಮೆಚ್ಚತಕ್ಕದ್ದು. ನಮ್ಮಲ್ಲಿ ಅಂತಹ ಪದ್ಧತಿ ಇನ್ನೂ ಬಂದಿಲ್ಲ.

ದೋಷವಾದಾಗ ಮಾತ್ರ ಸಂದೇಶ ಬರುವ ವ್ಯವಸ್ಥೆಯಲ್ಲಿ ಮೌನಕ್ಕೆ ಎರಡು ಅರ್ಥಗಳಿವೆ: ಎಲ್ಲವೂ ಸರಿಯಿದೆ, ಅಥವಾ ಹೇಳುವವನೇ ಸತ್ತಿದ್ದಾನೆ. ಆದಕಾರಣ ವ್ಯವಸ್ಥೆಯನ್ನು ತಿರುಗಿಸಿ ಕಟ್ಟಬೇಕು. ಬ್ಯಾಕಪ್ ಮುಗಿದ ಪ್ರತಿ ರಾತ್ರಿಯೂ ‘ಮುಗಿಯಿತು, ಕಡತದ ಗಾತ್ರ ಇಷ್ಟು’ ಎಂಬ ಸಂದೇಶ ಬರಬೇಕು. ಬೆಳಿಗ್ಗೆ ಆ ಸಂದೇಶ ಬಾರದಿರುವುದೇ ದೂರು. ಗಾತ್ರವನ್ನು ನೋಡುವುದೂ ಮುಖ್ಯ. ನಿನ್ನೆ 2 ಜಿಬಿ ಇದ್ದ ಕಡತ ಇಂದು 4 ಕೆಬಿ ಆಗಿದ್ದರೆ ಬ್ಯಾಕಪ್ ‘ನಡೆದಿದೆ’ ಎಂಬುದಕ್ಕೆ ಅರ್ಥವಿಲ್ಲ. ಮೂರು ತಿಂಗಳಿಗೊಮ್ಮೆ ಆ ಕಡತವನ್ನು ಬೇರೆ ಯಂತ್ರದಲ್ಲಿ ತೆರೆದು ತಾಳೆಪಟ್ಟಿ ತೆಗೆದು ಹೋಲಿಸಿದರೆ ಮಾತ್ರ ನಾನು ಅದನ್ನು ಬ್ಯಾಕಪ್ ಎಂದು ಒಪ್ಪುತ್ತೇನೆ.

ಕಾಯುವವನನ್ನು ಕಾಯುವವರು

ಕಾವಲಿನ ತಂತ್ರಾಂಶವನ್ನು ಅದೇ ಸರ್ವರ್‌ನಲ್ಲಿ, ಅದೇ ಯುಪಿಎಸ್‌ಗೆ, ಅದೇ ಬ್ರಾಡ್‌ಬ್ಯಾಂಡ್‌ಗೆ ಜೋಡಿಸಿ ಇಟ್ಟಿರುವುದನ್ನು ನೋಡಿದ್ದೇನೆ. ಕರೆಂಟು ಹೋದರೆ ಕಳ್ಳನೂ ಕಾವಲುಗಾರನೂ ಒಟ್ಟಿಗೇ ಕತ್ತಲಲ್ಲಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಕಾಲ ಸ್ಥಗಿತವಾದದ್ದು ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ತೆಗೆದುಕೊಳ್ಳುವ ನಮ್ಮ ಸದಸ್ಯರಿಗೆ ನೆನಪಿರಬಹುದು. ಅಂದು ಸರ್ವರ್‌ಗಳು ಕೆಟ್ಟಿರಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಅವುಗಳ ನಡುವಿನ ಸಂಪರ್ಕ ಕಡಿದು, ಹೊರಗಿನವರಿಗೆ ಅವುಗಳ ವಿಳಾಸವೇ ಸಿಗದಂತಾಯಿತು. ಸರಿಪಡಿಸಬೇಕಾದ ಎಂಜಿನಿಯರ್‌ಗಳ ಸಾಧನಗಳೂ ಅದೇ ಜಾಲವನ್ನು ಅವಲಂಬಿಸಿದ್ದರಿಂದ ಕೆಲಸ ಮತ್ತಷ್ಟು ತಡವಾಯಿತು.

ನಮ್ಮ ದೇಶದ ಉದಾಹರಣೆಯೂ ಇದೆ. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತು, ಮಧ್ಯಾಹ್ನ 3.45ಕ್ಕೆ ಮತ್ತೆ ಆರಂಭವಾಗಿ ಸಂಜೆ 5ರವರೆಗೆ ನಡೆಯಿತು. ಷೇರು ಕೊಂಡು ಮಾರುವ ವ್ಯವಸ್ಥೆಯೇ ಅಂದು ಕೆಟ್ಟಿರಲಿಲ್ಲ. ದೂರಸಂಪರ್ಕ ಕೊಂಡಿಗಳ ತೊಂದರೆಯಿಂದ ಹಿನ್ನೆಲೆಯಲ್ಲಿ ನಡೆಯಬೇಕಾದ ಅಪಾಯ ನಿರ್ವಹಣಾ ವ್ಯವಸ್ಥೆ ಲಭ್ಯವಿಲ್ಲದಂತಾಗಿತ್ತು. ಅದಿಲ್ಲದೆ ವಹಿವಾಟು ನಡೆಸುವುದು ಸರಿಯಲ್ಲವೆಂದು ಮುಂಬಾಗಿಲನ್ನೂ ಮುಚ್ಚಲಾಯಿತು. ಹಿನ್ನೆಲೆಯ ಸೇವೆ ಎಷ್ಟು ಮುಖ್ಯವೆಂಬುದನ್ನು ಹೇಳಲು ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿದಿಲ್ಲ.

ಹೀಗಾಗಿ ಕಾವಲು ಯಂತ್ರ ಬೇರೆ ಸ್ಥಳದಲ್ಲಿ, ಬೇರೆ ಸಂಪರ್ಕದ ಮೇಲೆ ಇರಬೇಕು. ಎಚ್ಚರಿಕೆಯ ಸಂದೇಶ ಇ-ಅಂಚೆಗೆ ಮಾತ್ರವಲ್ಲದೆ ಮೊಬೈಲ್ ದೂರವಾಣಿಗೂ ಬರಬೇಕು, ಏಕೆಂದರೆ ನಿಂತಿರುವುದು ಅಂಚೆ ಸರ್ವರ್ ಆಗಿದ್ದರೆ ಆ ಸುದ್ದಿಯನ್ನು ಅದು ತಾನೇ ತರಲಾರದು. ನಾಗಿಯೋಸ್, ಜ್ಯಾಬಿಕ್ಸ್ ಮುಂತಾದ ಮುಕ್ತ ತಂತ್ರಾಂಶಗಳು ಇಪ್ಪತ್ತು ವರ್ಷಗಳಿಗೂ ಮೀರಿ ಬಳಕೆಯಲ್ಲಿವೆ; ಪರವಾನಗಿ ಶುಲ್ಕವಿಲ್ಲ. ಐದು ನಿಮಿಷಕ್ಕೊಮ್ಮೆ ನೋಡಿ, ಸತತ ಮೂರು ಬಾರಿ ಉತ್ತರ ಬಾರದಿದ್ದರೆ ಕೂಗುವಂತೆ ಇಟ್ಟರೆ ಸುಮಾರು ಹದಿನೈದು ನಿಮಿಷದೊಳಗೆ ಸುದ್ದಿ ತಿಳಿಯುತ್ತದೆ. ನಮ್ಮ ವ್ಯಾಪಾರಕ್ಕೆ ಅಷ್ಟು ಸಾಕು. ಒಂದೇ ಬಾರಿಗೆ ಕೂಗುವಂತೆ ಇಟ್ಟರೆ ದಿನಕ್ಕೆ ಹತ್ತು ಸಂದೇಶ ಬಂದು, ‘ಹುಲಿ ಬಂತು ಹುಲಿ’ ಕಥೆಯಂತೆ, ನಿಜವಾದ ದಿನ ಯಾರೂ ತಿರುಗಿ ನೋಡುವುದಿಲ್ಲ.

ಮತ್ತೊಂದು ಅಂಶವನ್ನು ತಂತ್ರಜ್ಞರು ಅಷ್ಟಾಗಿ ಹೇಳುವುದಿಲ್ಲ. ಉತ್ತರ ಬರಬೇಕಾದ ಬಾಗಿಲುಗಳಿರುವಂತೆ ಉತ್ತರ ಬರಕೂಡದ ಬಾಗಿಲುಗಳೂ ಇವೆ. ನಿಮ್ಮ ಮನೆಯ ಸಾಮಾನ್ಯ ಅಂತರಜಾಲದಿಂದ ಪರೀಕ್ಷಿಸಿದಾಗ ಕಚೇರಿಯ ಸರ್ವರ್‌ನ 3389 ತೆರೆದಿದೆ ಎಂದು ಬಂದರೆ ಅದು ಸಮಾಧಾನದ ವಿಷಯವಲ್ಲ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವವರು ಹುಡುಕುವುದು ಅಂತಹ ಬಾಗಿಲನ್ನೇ. ಕಾವಲಿನ ಪಟ್ಟಿಯಲ್ಲಿ ‘ಮುಚ್ಚಿರಬೇಕು’ ಎಂಬ ಕಲಮೂ ಇರಲಿ. ಆದರೆ ಪರೀಕ್ಷಿಸುವುದು ನಮ್ಮದೇ ಯಂತ್ರವನ್ನು ಮಾತ್ರ. ಬಾಡಿಗೆಗೆ ಪಡೆದ ಸರ್ವರ್ ಆಗಿದ್ದರೆ ಒದಗಿಸುವವರ ಲಿಖಿತ ಅನುಮತಿ ಪಡೆಯುವುದು ಕ್ಷೇಮ. ಮಾಲೀಕರ ಅನುಮತಿಯಿಲ್ಲದೆ ಪರರ ಗಣಕಯಂತ್ರವನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ.

ಸುರಕ್ಷಿತ ಜಾಲತಾಣದ ಪ್ರಮಾಣಪತ್ರದ ಅವಧಿಯನ್ನೂ ಈ ಪಟ್ಟಿಗೆ ಸೇರಿಸಬೇಕು. ಅವಧಿ ಮುಗಿದ ದಿನ ಎಲ್ಲ ಸೇವೆಗಳೂ ನಡೆಯುತ್ತಿದ್ದರೂ ಗಿರಾಕಿಯ ಬ್ರೌಸರ್ ಒಳಗೆ ಬಿಡುವುದಿಲ್ಲ. ಈ ಅವಧಿಯ ಮಿತಿ 398 ದಿನಗಳಿದ್ದದ್ದನ್ನು 2026ರ ಮಾರ್ಚ್ 15ರಿಂದ 200 ದಿನಗಳಿಗೆ, 2029ರ ಮಾರ್ಚ್ 15ರಿಂದ 47 ದಿನಗಳಿಗೆ ಇಳಿಸಲು 2025ರಲ್ಲಿ ನಿರ್ಣಯವಾಗಿದೆ. ವರ್ಷಕ್ಕೊಮ್ಮೆ ನೆನಪಿಟ್ಟುಕೊಂಡು ಮಾಡುವ ಪದ್ಧತಿ ಇನ್ನು ನಡೆಯದು.

ಶೇಕಡಾ 99ರ ಅರ್ಥ

ಸೇವೆ ಒದಗಿಸುವವರ ಒಪ್ಪಂದಗಳಲ್ಲಿ ‘ಶೇಕಡಾ 99 ಲಭ್ಯತೆ’ ಎಂದು ದಪ್ಪ ಅಕ್ಷರಗಳಲ್ಲಿ ಇರುತ್ತದೆ. ಪರೀಕ್ಷೆಯಲ್ಲಿ 99 ಅಂಕ ಬಂದಂತೆ ಅದು ಕಾಣುತ್ತದೆ. ಲೆಕ್ಕ ಹಾಕಿದರೆ ವರ್ಷದ 8,760 ಗಂಟೆಗಳಲ್ಲಿ 87.6 ಗಂಟೆ, ಅಂದರೆ ಮೂರೂವರೆ ದಿನಕ್ಕೂ ಹೆಚ್ಚು, ಸೇವೆ ಇಲ್ಲದಿದ್ದರೂ ಅವರು ಮಾತಿಗೆ ತಪ್ಪಿದಂತಾಗುವುದಿಲ್ಲ. 99.9 ಆದರೆ ಸುಮಾರು 8 ಗಂಟೆ 46 ನಿಮಿಷ. ಇನ್ನು ನಿಮ್ಮ ಒಂದು ಇನ್‌ವಾಯ್ಸ್ ಹೊರಡಲು ಬ್ರಾಡ್‌ಬ್ಯಾಂಡ್, ಸರ್ವರ್, ದತ್ತಾಂಶ ಸಂಗ್ರಹ, ಲೆಕ್ಕದ ತಂತ್ರಾಂಶ, ಇ-ಇನ್‌ವಾಯ್ಸ್ ಕೊಂಡಿ ಎಂಬ ಐದೂ ಏಕಕಾಲಕ್ಕೆ ಇರಬೇಕೆಂದಿಟ್ಟುಕೊಳ್ಳಿ. ಪ್ರತಿಯೊಂದೂ ಸ್ವತಂತ್ರವಾಗಿ ಶೇಕಡಾ 99 ಲಭ್ಯವಾದರೆ ಐದೂ ಒಟ್ಟಿಗೆ ಲಭ್ಯವಾಗುವುದು ಸುಮಾರು ಶೇಕಡಾ 95.1. ಉಳಿದದ್ದು ವರ್ಷಕ್ಕೆ ಹದಿನೆಂಟು ದಿನಗಳ ಹತ್ತಿರ ಬರುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಭ್ಯತೆಯನ್ನು ಅಳೆಯುವವರು ಯಾರು? ಹೆಚ್ಚಿನ ಒಪ್ಪಂದಗಳಲ್ಲಿ ಒದಗಿಸುವವರೇ. ಅಳತೆ ಯಾವುದರದು? ಯಂತ್ರದ್ದು, ಸೇವೆಯದಲ್ಲ. ತೂಕವೂ ಅವರದೇ, ತಕ್ಕಡಿಯೂ ಅವರದೇ ಆದ ವ್ಯಾಪಾರವನ್ನು ನಮ್ಮ ವರ್ತಕರು ಮಂಡಿಯಲ್ಲಿ ಒಪ್ಪುವುದಿಲ್ಲ. ಸರ್ವರ್ ವಿಷಯದಲ್ಲಿ ಮಾತ್ರ ಒಪ್ಪುತ್ತಾರೆ. ಒಪ್ಪಂದ ನವೀಕರಿಸುವಾಗ ಸೇವೆಗಳ ಹೆಸರನ್ನು ಒಂದೊಂದಾಗಿ ಬರೆಸಿ, ನಮ್ಮ ಕಡೆಯ ಅಳತೆಯನ್ನೂ ಪರಿಗಣಿಸತಕ್ಕದ್ದೆಂದು ಒಂದು ವಾಕ್ಯ ಸೇರಿಸಿದರೆ ಖರ್ಚೇನೂ ಇಲ್ಲ.

ಕಾನೂನು ಕೇಳುವುದೂ ಇದನ್ನೇ

ಇದು ತಂತ್ರಜ್ಞರ ವಿಷಯ, ಲೆಕ್ಕಪರಿಶೋಧಕರಿಗೇಕೆ ಎಂಬ ಪ್ರಶ್ನೆ ಏಳಬಹುದು. ಕಂಪನಿ ಕಾನೂನನ್ನು ನೋಡೋಣ. 2023ರ ಏಪ್ರಿಲ್ 1ರಿಂದ ಆರಂಭವಾದ ಲೆಕ್ಕ ವರ್ಷದಿಂದ ಕಂಪನಿಗಳು ಪ್ರತಿ ತಿದ್ದುಪಡಿಯನ್ನೂ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ಪರಿಶೋಧಕರು ತಮ್ಮ ವರದಿಯಲ್ಲಿ ಆ ಸೌಲಭ್ಯ ಇದೆಯೇ ಎಂದು ಮಾತ್ರವಲ್ಲ, ವರ್ಷವಿಡೀ ಎಲ್ಲ ವ್ಯವಹಾರಗಳಿಗೂ ಅದು ಕಾರ್ಯನಿರತವಾಗಿತ್ತೇ ಎಂದು ಹೇಳಬೇಕು. ‘ವರ್ಷವಿಡೀ’ ಎಂಬ ಪದವನ್ನು ಗಮನಿಸಬೇಕು. ಮಾರ್ಚ್ 31ರಂದು ಪರದೆ ನೋಡಿ ಈ ಪ್ರಶ್ನೆಗೆ ಉತ್ತರಿಸಲಾಗದು. ದೂರದ ಯಂತ್ರದಲ್ಲಿನ ಒಂದು ಸೇವೆ 365 ದಿನವೂ ನಡೆಯಿತೆಂಬುದಕ್ಕೆ ಪುರಾವೆ ಬೇಕು. 2023-24ರ ಅನೇಕ ಕಂಪನಿಗಳ ವರದಿಗಳಲ್ಲಿ, ದತ್ತಾಂಶ ಸಂಗ್ರಹದ ಮಟ್ಟದಲ್ಲಿ ಈ ಸೌಲಭ್ಯ ಚಾಲೂ ಇರಲಿಲ್ಲವೆಂಬ ಟಿಪ್ಪಣಿ ಕಾಣಿಸಿಕೊಂಡದ್ದು ಈ ಕಾರಣದಿಂದಲೇ. ಅದೇ ರೀತಿ, ನಿಯತಕಾಲಿಕವಾಗಿ ಇಟ್ಟರೆ ಸಾಕಾಗಿದ್ದ ಲೆಕ್ಕಪುಸ್ತಕಗಳ ಬ್ಯಾಕಪ್ ಅನ್ನು 2022ರ ಆಗಸ್ಟ್‌ನ ತಿದ್ದುಪಡಿಯ ನಂತರ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕು. ಅಕ್ಟೋಬರ್‌ನಲ್ಲಿ ನಿಂತ ಬ್ಯಾಕಪ್ ಫೆಬ್ರವರಿಯಲ್ಲಿ ಪತ್ತೆಯಾದ ಆ ಕಂಪನಿಯ ವರದಿಯಲ್ಲಿ ಈ ಲೋಪವನ್ನು ನಮೂದಿಸುವುದು ಅನಿವಾರ್ಯವಾಯಿತು. ಸಾಲ ಕೊಡುವ ಬ್ಯಾಂಕಿನವರು ಅದನ್ನು ಓದಿ ವಿವರಣೆ ಕೇಳಿದರು.

ಈ ನಿಯಮಗಳು ಏಕಮಾಲೀಕತ್ವದ ಅಂಗಡಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಅನ್ವಯಿಸುವುದಿಲ್ಲ, ನಿಜ. ಆದರೆ ಇ-ಇನ್‌ವಾಯ್ಸ್ ಯಾರನ್ನೂ ಬಿಡುವುದಿಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ವಹಿವಾಟು ಮೀರಿದವರೆಲ್ಲ ಅದರ ವ್ಯಾಪ್ತಿಗೆ ಬಂದರು; 2025ರ ಏಪ್ರಿಲ್ 1ರಿಂದ 10 ಕೋಟಿ ಮತ್ತು ಅದಕ್ಕಿಂತ ಹೆಚ್ಚಿನ ವಹಿವಾಟುಳ್ಳವರು ಇನ್‌ವಾಯ್ಸ್ ದಿನಾಂಕದಿಂದ 30 ದಿನದೊಳಗೆ ಪೋರ್ಟಲ್‌ಗೆ ಕಳುಹಿಸಲೇಬೇಕು. ಶಾಖೆಯ ಇನ್‌ವಾಯ್ಸ್‌ಗಳನ್ನು ಕಳುಹಿಸುವ ಸೇವೆ ಸದ್ದಿಲ್ಲದೆ ನಿಂತು ಒಂದು ತಿಂಗಳು ಕಳೆದರೆ ಪೋರ್ಟಲ್ ಅವುಗಳನ್ನು ಸ್ವೀಕರಿಸುವುದಿಲ್ಲ, ಖರೀದಿದಾರನಿಗೆ ಹೂಡುವಳಿ ತೆರಿಗೆ ಜಮೆಯ ತಕರಾರು ಆರಂಭವಾಗುತ್ತದೆ.

ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಯಂತ್ರಗಳ ದಾಖಲೆಗಳನ್ನು 180 ದಿನ ಇಡುವುದರ ಜೊತೆಗೆ ಗಡಿಯಾರಗಳನ್ನು ಅಧಿಕೃತ ಕಾಲಮಾನದೊಂದಿಗೆ ಹೊಂದಿಸಿಡಬೇಕೆಂದೂ ಹೇಳಿದೆ. ಕೇಳಲು ಚಿಕ್ಕ ವಿಷಯ. ಆದರೆ ಆ ಹೊಂದಾಣಿಕೆಯ ಸೇವೆ ನಿಂತು ಗಡಿಯಾರ ತಪ್ಪಿದರೆ ತಿದ್ದುಪಡಿ ದಾಖಲೆಯಲ್ಲಿನ ಪ್ರತಿಯೊಂದು ಸಮಯವೂ ಪ್ರಶ್ನಾರ್ಹವಾಗುತ್ತದೆ; ಯಾರು ಮೊದಲು ತಿದ್ದಿದರು ಎಂಬ ವಿವಾದ ನ್ಯಾಯಾಲಯಕ್ಕೆ ಹೋದಾಗ ಆ ದಾಖಲೆಯ ಬಲ ಕುಗ್ಗುತ್ತದೆ.

ನಮ್ಮ ಸಂಸ್ಥೆಯ ಆಡಳಿತ ಮಂಡಳಿಗೆ ಒಂದು ಸಲಹೆಯನ್ನು ಮುಂದಿಡುತ್ತೇನೆ. ಪ್ರತಿ ಸಣ್ಣ ವರ್ತಕನೂ ಸ್ವಂತ ಕಾವಲು ಯಂತ್ರವನ್ನು ಇಟ್ಟುಕೊಳ್ಳುವುದು ಕಷ್ಟ; ಆದರೆ ಸಂಸ್ಥೆಯ ಕಟ್ಟಡದಲ್ಲಿ ಒಂದು ಸಾಧಾರಣ ಗಣಕಯಂತ್ರ, ಎರಡು ಬೇರೆ ಬೇರೆ ಕಂಪನಿಗಳ ಅಂತರಜಾಲ ಸಂಪರ್ಕ, ಒಬ್ಬ ತರಬೇತಾದ ಯುವಕ ಇದ್ದರೆ ಅನೇಕ ಸದಸ್ಯರ ಸೇವೆಗಳನ್ನು ಹೊರಗಿನಿಂದ ನೋಡಬಹುದು. ಅಲ್ಲಿ ಯಾರ ಲೆಕ್ಕವೂ ಕಾಣುವುದಿಲ್ಲ, ಸೇವೆ ಉತ್ತರಿಸಿತೇ, ರಾತ್ರಿಯ ಸಂದೇಶ ಬಂತೇ ಎಂಬುದಷ್ಟೇ ದಾಖಲಾಗುತ್ತದೆ. ಆ ಮಾಸಿಕ ದಾಖಲೆಯ ಪ್ರತಿಯನ್ನು ಸದಸ್ಯರು ತಮ್ಮ ಪರಿಶೋಧಕರಿಗೆ ಕೊಡಬಹುದು, ನಿರ್ವಹಣೆಯವರ ಬಿಲ್ ಪಾವತಿಸುವ ಮುನ್ನ ತಾವೂ ನೋಡಬಹುದು. ಅಲ್ಲಿಯವರೆಗೆ, ಈ ತಿಂಗಳ ಬಿಲ್ ಬಂದಾಗ ನಿನ್ನೆ ರಾತ್ರಿಯ ಬ್ಯಾಕಪ್ ಕಡತದ ಹೆಸರು, ದಿನಾಂಕ ಮತ್ತು ಗಾತ್ರವನ್ನು ಅದರ ಜೊತೆಗೇ ಬರೆದು ಕಳುಹಿಸುವಂತೆ ಕೇಳಿರಿ.